ಕಬ್ಬಿಣದ ಕುದುರೆಗೆ ಕಡಿವಾಣ

ಓಡುವ ಕುದುರೆಗೆ ಕಡಿವಾಣವೂ ಸಾಗುವ ಬಂಡಿಗೆ ತಡೆಯೂ ಇರಲೇಬೇಕೆಂಬುದನ್ನು ಮಾನವನು ಬಹು ಹಿಂದೆಯೇ ಅರಿತುಕೊಂಡನು. ಕಡಿವಾಣವಿಲ್ಲದ ಕುದುರೆಯ ಬೆನ್ನನ್ನೇರಲು ಎಂತಹ ಧೈರ್ಯಶಾಲಿಯೂ ಹಿಂಜರಿಯುತ್ತಾನೆ. ತುಂಬಿದ ಗಾಡಿ ಇಳಿಜಾರಿನಲ್ಲಿ ಉರುಳತೊಡಗಿದರೆ ಎತ್ತುಗಳ ಬಲವೊಂದೇ ಅದನ್ನು ತಡೆಯಲಾರದು. ಚಕ್ರದ ಅಂಚಿಗೆ ಮರದ ತುಂಡನ್ನು ಒತ್ತಿ ಹಿಡಿದು ಅದರ ವೇಗವನ್ನು ತಗ್ಗಿಸಬೇಕಾಗುತ್ತದೆ. ಹೀಗೆ ಓಟವನ್ನು ಕಲಿತ ಕೈಯೇ ನಿಲುಗಡೆಯನ್ನೂ ಕಲಿಯಬೇಕಾಯಿತು. ಯಂತ್ರವಾಹನಗಳ ಯುಗದಲ್ಲಿ ಈ ಮಾತು ಇನ್ನಷ್ಟು ಸತ್ಯವಾಗಿದೆ. ವಾಹನವೊಂದು ಎಷ್ಟು ವೇಗವಾಗಿ ಓಡುತ್ತದೆ ಎಂದು ಕೇಳುವವರು ಬಹುಮಂದಿ. ಎಷ್ಟು ಬೇಗ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಆದರೆ ಪ್ರಾಣ ಉಳಿಯುವುದು ಎರಡನೆಯ ಪ್ರಶ್ನೆಯ ಉತ್ತರದಿಂದ.

ಮೋಟಾರು ಸೈಕಲ್ಲುಗಳಲ್ಲಿ ‘ಕ್ರೂಸರ್’ ಎಂಬುದು ಒಂದು ಜಾತಿ. ಅವಸರವಿಲ್ಲದೆ, ಒಂದೇ ಹದದ ವೇಗದಲ್ಲಿ, ಬಹುದೂರ ಸಾಗುವುದಕ್ಕಾಗಿ ರೂಪುಗೊಂಡ ವಾಹನವಿದು. ಇದರ ಆಸನ ತಗ್ಗು, ಎರಡು ಗಾಲಿಗಳ ನಡುವಿನ ಅಂತರ ಹೆಚ್ಚು, ತೂಕವೂ ಹೆಚ್ಚು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1903ರಲ್ಲಿ ಆರಂಭವಾದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯ ಭಾರಿ ವಾಹನಗಳು ಈ ಜಾತಿಗೆ ಮಾದರಿಯಾದವು. ನಮ್ಮ ದೇಶದಲ್ಲಿ ದೂರ ಪ್ರಯಾಣದ ಭಾರಿ ವಾಹನವೆಂದು ಹೆಸರಾದುದು ಬುಲೆಟ್. 1955ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಅದನ್ನು ಇಲ್ಲಿ ತಯಾರಿಸಿತು. ಲಕ್ಷಣದಲ್ಲಿ ಅದು ಪೂರ್ಣವಾಗಿ ಕ್ರೂಸರ್ ಅಲ್ಲದಿದ್ದರೂ ಅದರ ಭಾರ ಮತ್ತು ನಡೆ ಆ ಜಾತಿಗೆ ಹತ್ತಿರವಾದವು. ದಶಕಗಳ ಕಾಲ ಬುಲೆಟ್ಟಿನ ಮುಂದಿನ ಗಾಲಿಯಲ್ಲಿ ಡ್ರಮ್ ಬ್ರೇಕೇ ಇತ್ತು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ವಾಹನಗಳಲ್ಲಿಯೂ ಅದೇ ವ್ಯವಸ್ಥೆಯಿತ್ತು. ಅಂತಹ ವಾಹನಗಳನ್ನು ಇಂದಿಗೂ ಪ್ರೀತಿಯಿಂದ ಉಳಿಸಿಕೊಂಡು ಬಂದವರು ಅನೇಕರಿದ್ದಾರೆ. ಇಂದಿನ ರಸ್ತೆಗಳ ವೇಗಕ್ಕೂ ಜನಸಂದಣಿಗೂ ಹಳೆಯ ಬ್ರೇಕು ಸಾಲದೆಂದು ಕಂಡಾಗ, ಮುಂದಿನ ಬ್ರೇಕನ್ನು ಉತ್ತಮಪಡಿಸಬೇಕೆಂಬ ಆಲೋಚನೆ ಅವರಲ್ಲಿ ಸಹಜವಾಗಿ ಮೂಡುತ್ತದೆ. ಈ ಕೆಲಸ ಮೇಲ್ನೋಟಕ್ಕೆ ಸುಲಭ. ಒಂದು ಭಾಗವನ್ನು ಕಳಚಿ ಮತ್ತೊಂದನ್ನು ಜೋಡಿಸಿದರೆ ಮುಗಿಯಿತೆಂದು ತೋರುತ್ತದೆ. ಆದರೆ ಬ್ರೇಕು ಒಂದು ಬಿಡಿ ಭಾಗವಲ್ಲ. ಸವಾರನ ಬೆರಳಿನಿಂದ ತೊಡಗಿ ರಸ್ತೆಯ ಮೇಲ್ಮೈಯವರೆಗೆ ಹಬ್ಬಿದ ಒಂದು ಸರಪಳಿ. ಅದರ ಎಲ್ಲ ಕೊಂಡಿಗಳನ್ನೂ ಅರಿಯದೆ ಒಂದನ್ನು ಮಾತ್ರ ಬಲಪಡಿಸಿದರೆ ಒಳಿತಿಗೆ ಬದಲಾಗಿ ಕೆಡುಕೇ ಉಂಟಾಗಬಹುದು.

ಬ್ರೇಕು ಮಾಡುವ ಕೆಲಸವೇನು? ಗಾಲಿಯನ್ನು ಹಿಡಿದು ನಿಲ್ಲಿಸುವುದು ಎಂದು ಥಟ್ಟನೆ ಹೇಳಬಹುದು. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಅದು ಶಕ್ತಿಯ ರೂಪಾಂತರ. ಓಡುವ ವಾಹನದಲ್ಲಿ ಚಲನಶಕ್ತಿ ಅಡಗಿದೆ. ಶಕ್ತಿಯನ್ನು ನಾಶಗೊಳಿಸಲು ಯಾರಿಂದಲೂ ಸಾಧ್ಯವಿಲ್ಲ. ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಮಾತ್ರ ಬದಲಾಯಿಸಬಹುದು. ಬ್ರೇಕು ಘರ್ಷಣೆಯ ಮೂಲಕ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಕೊಡುತ್ತದೆ. ವಾಹನ ಮತ್ತು ಸವಾರನ ಒಟ್ಟು ತೂಕ 270 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ 13,500 ಜೂಲ್. ವೇಗ ಇಮ್ಮಡಿಯಾಗಿ ಗಂಟೆಗೆ 72 ಕಿಲೋಮೀಟರ್ ಆದಾಗ ಚಲನಶಕ್ತಿ ಇಮ್ಮಡಿಯಾಗುವುದಿಲ್ಲ. ನಾಲ್ಕು ಮಡಿಯಾಗಿ 54,000 ಜೂಲ್ ಆಗುತ್ತದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸಾಕಾಗುವ ಈ ಶಕ್ತಿಯನ್ನು ಬ್ರೇಕುಗಳು ಮೂರು ನಾಲ್ಕು ಸೆಕೆಂಡುಗಳಲ್ಲಿ ನುಂಗಿಕೊಳ್ಳಬೇಕು.

ಇದರ ಪರಿಣಾಮವನ್ನು ರಸ್ತೆಯ ಮೇಲೆ ಅಳೆದು ನೋಡಿದಾಗಲೇ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕುಗಳಿರುವ ವಾಹನವು ಪ್ರತಿ ಸೆಕೆಂಡಿಗೂ ತನ್ನ ವೇಗದಲ್ಲಿ ಸೆಕೆಂಡಿಗೆ 7 ಮೀಟರ್‌ನಷ್ಟನ್ನು ಕಳೆದುಕೊಳ್ಳಬಲ್ಲದು. ಗಂಟೆಗೆ 72 ಕಿಲೋಮೀಟರ್ ವೇಗದಿಂದ ಅದು ಪೂರ್ಣವಾಗಿ ನಿಲ್ಲಲು ಸುಮಾರು 29 ಮೀಟರ್ ಸಾಕು. ಮುಂದಿನ ಬ್ರೇಕು ಸೋತು, ಸವಾರನು ಹಿಂದಿನದೊಂದನ್ನೇ ನೆಚ್ಚಿಕೊಂಡಾಗ ವೇಗ ಇಳಿಯುವ ಪ್ರಮಾಣ 7ರಿಂದ 3ಕ್ಕೆ ಕುಸಿಯುತ್ತದೆ ಎನ್ನೋಣ. ಆಗ ನಿಲ್ಲಲು ಬೇಕಾಗುವ ದೂರ ಸುಮಾರು 67 ಮೀಟರ್. ಅಪಾಯವನ್ನು ಕಂಡು, ತಿಳಿದು, ಬೆರಳು ಚಲಿಸುವುದರೊಳಗೆ ಒಂದು ಸೆಕೆಂಡು ಕಳೆದರೆ ಇನ್ನೂ 20 ಮೀಟರ್ ಕೂಡುತ್ತದೆ. ಶಾಲೆ ಬಿಟ್ಟ ಹೊತ್ತಿನಲ್ಲಿ ಬಾಲಕನೊಬ್ಬನು ಚೆಂಡಿನ ಬೆನ್ನುಹತ್ತಿ ರಸ್ತೆಗೆ ಬಂದನೆಂದು ಭಾವಿಸೋಣ. ಮೊದಲನೆಯ ವಾಹನ ಅವನ ಮುಂದೆ ಬಂದು ನಿಲ್ಲುತ್ತದೆ. ಅದೇ ಸ್ಥಳದಲ್ಲಿ ಎರಡನೆಯ ವಾಹನ ಇನ್ನೂ ಗಂಟೆಗೆ ಸುಮಾರು 54 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಅರ್ಧ ದೂರ ಬ್ರೇಕು ಹಿಡಿದರೆ ಅರ್ಧ ವೇಗ ಇಳಿದಿರುತ್ತದೆ ಎಂಬ ಸಾಮಾನ್ಯ ಎಣಿಕೆ ಇಲ್ಲಿ ಸುಳ್ಳಾಗುತ್ತದೆ. ವೇಗದ ಹೆಚ್ಚಿನ ಪಾಲು ಕಳೆಯುವುದು ದೂರದ ಕೊನೆಯ ಅರ್ಧದಲ್ಲಿ.

ಹಾಗಾದರೆ ಎರಡು ಬ್ರೇಕುಗಳಲ್ಲಿ ಮುಂದಿನದಕ್ಕೇ ಇಷ್ಟು ಪ್ರಾಧಾನ್ಯವೇಕೆ? ಬಸ್ಸು ಥಟ್ಟನೆ ನಿಂತಾಗ ಒಳಗಿರುವ ಪ್ರಯಾಣಿಕರು ಮುಂದಕ್ಕೆ ವಾಲುವುದನ್ನು ಎಲ್ಲರೂ ಕಂಡಿದ್ದಾರೆ. ಮೋಟಾರು ಸೈಕಲ್ಲಿನಲ್ಲಿಯೂ ಹಾಗೆಯೇ. ತಡೆಯುವ ಬಲ ನೆಲಮಟ್ಟದಲ್ಲಿ, ಟೈರು ರಸ್ತೆಯನ್ನು ಮುಟ್ಟುವ ಕಡೆ ಉಂಟಾಗುತ್ತದೆ. ಆದರೆ ವಾಹನ ಮತ್ತು ಸವಾರನ ಗುರುತ್ವ ಕೇಂದ್ರ ಅದಕ್ಕಿಂತ ಮೇಲೆ ಇರುತ್ತದೆ. ಆದುದರಿಂದ ಭಾರವು ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ವರ್ಗವಾಗುತ್ತದೆ. ಗಾಲಿಗಳ ನಡುವಿನ ಅಂತರ 160 ಸೆಂಟಿಮೀಟರ್, ಗುರುತ್ವ ಕೇಂದ್ರದ ಎತ್ತರ 55 ಸೆಂಟಿಮೀಟರ್ ಇರುವ ಕ್ರೂಸರ್ ಒಂದನ್ನು ತೆಗೆದುಕೊಳ್ಳೋಣ. ನಿಂತಿರುವಾಗ ಭಾರದ ನೂರರಲ್ಲಿ 45 ಪಾಲು ಮುಂದಿನ ಗಾಲಿಯ ಮೇಲೆ ಬೀಳುತ್ತದೆಂದು ಭಾವಿಸಿದರೆ, ಮೇಲೆ ಹೇಳಿದಂತೆ ಬಲವಾಗಿ ಬ್ರೇಕು ಹಿಡಿದಾಗ ಅದು ಸುಮಾರು 70 ಪಾಲಿಗೆ ಏರುತ್ತದೆ. ಭಾರ ಹೆಚ್ಚಿದಷ್ಟೂ ಟೈರಿನ ಹಿಡಿತ ಹೆಚ್ಚುತ್ತದೆ. ಹಿಂದಿನ ಗಾಲಿಯಾದರೋ ಹಗುರವಾಗಿ, ಸ್ವಲ್ಪ ಒತ್ತಿದರೂ ಜಾರತೊಡಗುತ್ತದೆ.

ಮುಂದಿನ ಬ್ರೇಕನ್ನು ಹಿಡಿದರೆ ವಾಹನ ತಲೆಕೆಳಗಾಗುತ್ತದೆ ಎಂಬ ಭಯ ಅನೇಕರಲ್ಲಿದೆ. ಎತ್ತರವಾದ, ಗಿಡ್ಡನೆಯ ಬೈಸಿಕಲ್ಲಿನ ವಿಷಯದಲ್ಲಿ ಈ ಭಯಕ್ಕೆ ಆಧಾರವುಂಟು. ಉದ್ದವಾಗಿ, ತಗ್ಗಾಗಿ ಇರುವ ಕ್ರೂಸರ್ ವಾಹನದಲ್ಲಿ ಅದಕ್ಕೆ ಆಧಾರವಿಲ್ಲ. ಮೇಲಿನ ಉದಾಹರಣೆಯ ವಾಹನ ಸಮತಟ್ಟಾದ ರಸ್ತೆಯಲ್ಲಿ ಮುಂದಕ್ಕೆ ಮಗುಚಬೇಕಾದರೆ ತಡೆಯುವ ಬಲವು ಒಟ್ಟು ತೂಕದ ಒಂದೂವರೆ ಪಟ್ಟಿಗಿಂತ ಹೆಚ್ಚಾಗಬೇಕು. ಸಾಮಾನ್ಯ ಟೈರು ಒಣ ರಸ್ತೆಯಲ್ಲಿ ಅಷ್ಟು ಹಿಡಿತವನ್ನು ಕೊಡಲಾರದು. ಅಲ್ಲಿರುವ ನಿಜವಾದ ಅಪಾಯ ಬೇರೆ: ಒಮ್ಮೆಲೇ ಬಲವಾಗಿ ಹಿಡಿದಾಗ ಮುಂದಿನ ಗಾಲಿ ಉರುಳುವುದನ್ನು ಬಿಟ್ಟು ಜಾರತೊಡಗಬಹುದು. ಜಾರುವ ಗಾಲಿಗೆ ದಾರಿ ತೋರಿಸುವ ಶಕ್ತಿಯಿಲ್ಲ; ಸವಾರನು ಕ್ಷಣಾರ್ಧದಲ್ಲಿ ನೆಲಕ್ಕುರುಳುತ್ತಾನೆ. ಆದ್ದರಿಂದ ಉತ್ತಮವಾದ ಬ್ರೇಕು ಎಂದರೆ ಬಲವುಳ್ಳದ್ದು ಮಾತ್ರವಲ್ಲ, ಬೆರಳಿನ ಮಾತನ್ನು ಕೇಳುವಂಥದ್ದು.

ಹಳೆಯ ಡ್ರಮ್ ಬ್ರೇಕಿನ ರಚನೆ ಸರಳವಾದುದು. ಗಾಲಿಯ ನಡುವೆ ಡಬ್ಬಿಯಂತಹ ಲೋಹದ ಡ್ರಮ್ ಇದೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು, ಅವುಗಳ ಹೊರಮೈಗೆ ಘರ್ಷಣೆ ಉಂಟುಮಾಡುವ ಪಟ್ಟಿ. ಸವಾರನು ಲಿವರನ್ನು ಎಳೆದಾಗ ತಂತಿ ಜಗ್ಗಿ, ಷೂಗಳು ಹಿಗ್ಗಿ, ತಿರುಗುವ ಡ್ರಮ್ಮಿನ ಒಳಗೋಡೆಗೆ ಒತ್ತಿಕೊಳ್ಳುತ್ತವೆ. ಇದರಲ್ಲಿ ಒಂದು ಜಾಣ್ಮೆಯೂ ಇದೆ. ಡ್ರಮ್ ತಿರುಗುವ ದಿಕ್ಕಿಗೆ ತಕ್ಕಂತೆ ಜೋಡಿಸಿದ ಷೂವನ್ನು ಡ್ರಮ್ಮೇ ತನ್ನತ್ತ ಎಳೆದುಕೊಳ್ಳುವುದರಿಂದ ಬೆರಳಿನ ಶ್ರಮ ಕಡಿಮೆಯಾಗುತ್ತದೆ. ಎರಡು ಷೂಗಳನ್ನೂ ಹೀಗೆಯೇ ಜೋಡಿಸಿದ ಬ್ರೇಕು ಗಣನೀಯ ಬಲವುಳ್ಳದ್ದು. ಡ್ರಮ್ ಬ್ರೇಕು ಅಗ್ಗ, ಧೂಳಿನಿಂದ ಬಹುಮಟ್ಟಿಗೆ ರಕ್ಷಿತ, ಹಳ್ಳಿಯ ಕಮ್ಮಟದಲ್ಲಿಯೂ ದುರಸ್ತಿ ಮಾಡಬಹುದಾದದ್ದು. ಅದನ್ನು ಹಳಿಯುವುದು ಸಲ್ಲದು.

ಆದರೆ ಅದರ ಶತ್ರು ಉಷ್ಣ. ಮುಚ್ಚಿದ ಡಬ್ಬಿಯೊಳಗೆ ಹುಟ್ಟಿದ ಬಿಸಿ ಬೇಗ ಹೊರಹೋಗದು. ಕಾದ ಡ್ರಮ್ ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ. ಪಟ್ಟಿಯ ಘರ್ಷಣಾ ಗುಣವೂ ಕುಗ್ಗುತ್ತದೆ. ಲಿವರನ್ನು ಎಷ್ಟು ಎಳೆದರೂ ವಾಹನ ನಿಲ್ಲದು. ಪಶ್ಚಿಮ ಘಟ್ಟಗಳ ಇಳಿಜಾರಿನಲ್ಲಿ ಈ ದೋಷ ಪ್ರಕಟವಾಗುತ್ತದೆ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳಲ್ಲಿ 270 ಕಿಲೋಗ್ರಾಂ ಭಾರದ ವಾಹನ 500 ಮೀಟರ್ ಎತ್ತರವನ್ನು ಇಳಿಯಿತೆಂದರೆ ಬಿಡುಗಡೆಯಾಗುವ ಶಕ್ತಿ ಸುಮಾರು 13 ಲಕ್ಷ ಜೂಲ್. ಎಂದರೆ ಗಂಟೆಗೆ 72 ಕಿಲೋಮೀಟರ್ ವೇಗದಿಂದ ಇಪ್ಪತ್ತನಾಲ್ಕು ಸಲ ನಿಂತಷ್ಟು. ಕೆಳಗಿನ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ನೇ ಹೊತ್ತುಕೊಳ್ಳುತ್ತದೆ. ಹಾಗೆ ಮಾಡದೆ ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಇಳಿಯುವವನು, ಕೊನೆಯ ತಿರುವಿಗೆ ಬರುವ ಹೊತ್ತಿಗೆ ತನ್ನ ರಕ್ಷಣೆಯನ್ನು ತಾನೇ ಸುಟ್ಟುಕೊಂಡಿರುತ್ತಾನೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಹಳ್ಳವನ್ನು ದಾಟುವಾಗ ಡ್ರಮ್ಮಿನೊಳಗೆ ನೀರು ಸೇರಿದರೆ ಅದು ಆರುವವರೆಗೂ ಬ್ರೇಕು ಹಿಡಿಯದು.

ಈ ಕೊರತೆಗಳಿಗೆ ಪರಿಹಾರವಾಗಿ ಬಂದುದು ಡಿಸ್ಕ್ ಬ್ರೇಕು. ಡಿಸ್ಕ್ ಎಂದರೆ ತಟ್ಟೆ. ಗಾಲಿಯ ಜೊತೆಯಲ್ಲಿಯೇ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಮಗ್ಗುಲುಗಳಿಂದಲೂ ಪ್ಯಾಡುಗಳು ಹಿಸುಕಿ ಹಿಡಿಯುತ್ತವೆ. ಬೈಸಿಕಲ್ಲಿನ ಗಾಲಿಯ ಅಂಚನ್ನು ಎರಡು ರಬ್ಬರ್ ತುಂಡುಗಳು ಹಿಡಿಯುವುದನ್ನು ಕಂಡವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಈ ಕಲ್ಪನೆ ಫಲಿಸಲು ಅರ್ಧ ಶತಮಾನ ಬೇಕಾಯಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ನಗರದ 24 ಗಂಟೆಗಳ ಪಂದ್ಯದಲ್ಲಿ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಕಾರು ಜಯಗಳಿಸಿದಾಗ ಜಗತ್ತಿನ ಕಣ್ಣು ಇತ್ತ ಹೊರಳಿತು. ಜಪಾನಿನ ಹೋಂಡಾ ಸಂಸ್ಥೆ 1969ರಲ್ಲಿ ತನ್ನ 750 ಸಿ.ಸಿ. ಮೋಟಾರು ಸೈಕಲ್ಲಿನ ಮುಂದಿನ ಗಾಲಿಗೆ ಅದನ್ನು ಅಳವಡಿಸಿ ಸಾಮಾನ್ಯ ಸವಾರರ ಕೈಗೆಟುಕಿಸಿತು. 1972ರಲ್ಲಿ ಹಾರ್ಲೆಯ ಭಾರಿ ವಾಹನಗಳಿಗೂ ಅದು ಬಂದಿತು. ನಮ್ಮಲ್ಲಿ ಬುಲೆಟ್ಟಿನ ವಂಶದ್ದೇ ಆದ, 2009ರಲ್ಲಿ ಬಂದ ಕ್ಲಾಸಿಕ್ ವಾಹನದ ಮುಂದಿನ ಗಾಲಿಯಲ್ಲಿ 280 ಮಿಲಿಮೀಟರ್ ವ್ಯಾಸದ ಡಿಸ್ಕ್ ಇದ್ದಿತು. ಡಿಸ್ಕ್ ಬಯಲು ಗಾಳಿಯಲ್ಲಿ ತಿರುಗುವುದರಿಂದ ಬೇಗ ತಣ್ಣಗಾಗುತ್ತದೆ; ಕಾದು ಹಿಗ್ಗಿದರೂ ಪ್ಯಾಡುಗಳತ್ತಲೇ ಹಿಗ್ಗುತ್ತದೆ; ಅದರ ಮೇಲೆ ಬಿದ್ದ ನೀರು ಒಂದೆರಡು ಸುತ್ತಿನಲ್ಲಿ ಒರೆಸಿಹೋಗುತ್ತದೆ.

ಡಿಸ್ಕ್ ಬ್ರೇಕಿನಲ್ಲಿ ಡ್ರಮ್ಮಿನಂತೆ ತಾನೇ ಎಳೆದುಕೊಳ್ಳುವ ಗುಣವಿಲ್ಲ. ಆದ್ದರಿಂದ ಪ್ಯಾಡುಗಳನ್ನು ಬಹಳ ಬಲದಿಂದ ಒತ್ತಬೇಕು. ಬೆರಳಿಗೆ ಆ ಬಲ ಎಲ್ಲಿಂದ ಬರಬೇಕು? ಹದಿನೇಳನೆಯ ಶತಮಾನದ ಫ್ರೆಂಚ್ ವಿದ್ವಾಂಸ ಬ್ಲೇಸ್ ಪಾಸ್ಕಲನ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದೇ ಆ ನಿಯಮ. ಹ್ಯಾಂಡಲಿನ ಬಳಿ ಇರುವ ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಚಿಕ್ಕ ಪಿಸ್ಟನ್ ಇದೆ. ಗಾಲಿಯ ಬಳಿ ಡಿಸ್ಕನ್ನು ಕವಿದುಕೊಂಡಿರುವ ಕ್ಯಾಲಿಪರಿನಲ್ಲಿ ದೊಡ್ಡ ಪಿಸ್ಟನ್ನುಗಳಿವೆ. ನಡುವೆ ಬ್ರೇಕ್ ಆಯಿಲ್ ತುಂಬಿದ ಕೊಳವೆ. ಮಾಸ್ಟರ್ ಪಿಸ್ಟನ್ನಿನ ವ್ಯಾಸ 14 ಮಿಲಿಮೀಟರ್, ಕ್ಯಾಲಿಪರಿನ ಎರಡು ಪಿಸ್ಟನ್ನುಗಳ ವ್ಯಾಸ ತಲಾ 28 ಮಿಲಿಮೀಟರ್ ಎಂದಿಟ್ಟುಕೊಂಡರೆ, ವ್ಯಾಸ ಇಮ್ಮಡಿಯಾದುದರಿಂದ ಒಂದೊಂದರ ವಿಸ್ತೀರ್ಣ ನಾಲ್ಕು ಮಡಿ. ಎರಡೂ ಸೇರಿ ಎಂಟು ಮಡಿ. ಬೆರಳುಗಳು 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದರೆ, ಸನ್ನೆಗೋಲಿನಂತಿರುವ ಲಿವರ್ ಅದನ್ನು ಐದು ಮಡಿಮಾಡಿ 50 ಕಿಲೋಗ್ರಾಂಗೂ, ದ್ರವವು ಅದನ್ನು ಎಂಟು ಮಡಿಮಾಡಿ 400 ಕಿಲೋಗ್ರಾಂಗೂ ಏರಿಸುತ್ತದೆ. ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಬಲ ಎಂಟು ಮಡಿಯಾದರೆ ಚಲನೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮುಂದಿನ ಬ್ರೇಕನ್ನು ಉತ್ತಮಪಡಿಸಹೊರಟವನು ಮೊದಲು ನೆನಪಿಡಬೇಕಾದ ಸೂತ್ರವಿದು.

ಇಷ್ಟನ್ನು ಅರಿತ ಮೇಲೆ ಉತ್ತಮಪಡಿಸುವ ಕ್ರಮವನ್ನು ನೋಡಬಹುದು. ಮೊದಲನೆಯ ಹೆಜ್ಜೆ, ಇರುವುದನ್ನು ಸರಿಪಡಿಸುವುದು. ಬ್ರೇಕು ದುರ್ಬಲವೆಂದು ದೂರುವಾಗ ಅನೇಕ ವೇಳೆ ತಪ್ಪು ರಚನೆಯದಲ್ಲ, ಅಲಕ್ಷ್ಯದ್ದು. ಡ್ರಮ್ ಬ್ರೇಕಿನಲ್ಲಿ ಪಟ್ಟಿ ಸವೆದಿರಬಹುದು, ಅದಕ್ಕೆ ಗ್ರೀಸು ತಗುಲಿರಬಹುದು, ತಂತಿ ತುಕ್ಕು ಹಿಡಿದಿರಬಹುದು, ಡ್ರಮ್ ತನ್ನ ದುಂಡನ್ನು ಕಳೆದುಕೊಂಡಿರಬಹುದು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡುಗಳು ತೆಳುವಾಗಿರಬಹುದು, ಡಿಸ್ಕ್ ಅದರ ಮೇಲೆಯೇ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಸವೆದಿರಬಹುದು, ಆಯಿಲ್ ಹಳತಾಗಿರಬಹುದು. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ‘ಡಾಟ್ 4’ ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವವನ್ನು ಹೀರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವದಂತೆ ಅನಿಲವು ಒತ್ತಡವನ್ನು ಸಾಗಿಸದೆ ತಾನೇ ಕುಗ್ಗುತ್ತದೆ. ಲಿವರ್ ಹ್ಯಾಂಡಲನ್ನು ಮುಟ್ಟಿದರೂ ಪ್ಯಾಡು ಕದಲದು. ಆದ್ದರಿಂದಲೇ ಎರಡು ವರ್ಷಗಳಿಗೊಮ್ಮೆ ಆಯಿಲನ್ನು ಬದಲಾಯಿಸಿ, ಒಳಗೆ ಸೇರಿದ ಗಾಳಿಯನ್ನು ಪೂರ್ಣವಾಗಿ ಹೊರಗೆಡವಬೇಕೆಂದು ಬಲ್ಲವರು ಹೇಳುತ್ತಾರೆ. ಹಳೆಯ ಬ್ರೇಕುಗಳನ್ನು ಬಿಚ್ಚುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. ಹಿಂದಿನ ಕಾಲದ ಪಟ್ಟಿಗಳಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಮಾರಕವಾದ ರೋಗಗಳು ಬರುತ್ತವೆ. ಆ ಧೂಳನ್ನು ಬಾಯಿಂದಲೋ ಗಾಳಿಯ ಕೊಳವೆಯಿಂದಲೋ ಊದಬಾರದು. ಒದ್ದೆಮಾಡಿ ಒರೆಸಿ ತೆಗೆಯಬೇಕು.

ಎರಡನೆಯ ಹೆಜ್ಜೆ, ಸಣ್ಣ ಬದಲಾವಣೆಗಳು. ವರ್ಷಗಳು ಕಳೆದಂತೆ ರಬ್ಬರ್ ಕೊಳವೆ ಮೆತ್ತಗಾಗಿ, ಒತ್ತಡ ಬಿದ್ದಾಗ ಉಬ್ಬುತ್ತದೆ. ಬೆರಳಿನ ಶ್ರಮದ ಒಂದು ಪಾಲು ಕೊಳವೆಯನ್ನು ಉಬ್ಬಿಸುವುದರಲ್ಲಿಯೇ ವ್ಯರ್ಥವಾಗುತ್ತದೆ. ಹೊರಗೆ ಉಕ್ಕಿನ ಎಳೆಗಳ ಹೆಣಿಗೆಯಿರುವ ಕೊಳವೆಯನ್ನು ಹಾಕಿದರೆ ಲಿವರಿನ ಸ್ಪರ್ಶ ಖಚಿತವಾಗುತ್ತದೆ. ಪ್ಯಾಡುಗಳಲ್ಲಿಯೂ ಭೇದವುಂಟು. ನಾರು ಮತ್ತು ಅಂಟುಗಳಿಂದ ಮಾಡಿದವು ಮೃದು. ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದವು ಬಿಸಿಯನ್ನೂ ಮಳೆಯನ್ನೂ ಚೆನ್ನಾಗಿ ತಾಳಿಕೊಳ್ಳುತ್ತವೆ; ಆದರೆ ಅವುಗಳಿಗೆ ಒಗ್ಗದ ಡಿಸ್ಕನ್ನು ಬೇಗ ಸವೆಸಿಬಿಡುತ್ತವೆ. ಡಿಸ್ಕಿಗೆ ತಕ್ಕ ಪ್ಯಾಡನ್ನೇ ಆರಿಸಬೇಕು.

ಮೂರನೆಯದು ದೊಡ್ಡ ಹೆಜ್ಜೆ: ಡ್ರಮ್ಮನ್ನು ತೆಗೆದು ಡಿಸ್ಕನ್ನು ಅಳವಡಿಸುವುದು, ಅಥವಾ ಇರುವ ಡಿಸ್ಕಿಗಿಂತ ದೊಡ್ಡದನ್ನು ಹಾಕುವುದು. ಡಿಸ್ಕ್ ದೊಡ್ಡದಾದಷ್ಟೂ ಪ್ಯಾಡು ಗಾಲಿಯ ಕೇಂದ್ರದಿಂದ ದೂರದಲ್ಲಿ ಹಿಡಿಯುತ್ತದೆ. ಬಾಗಿಲನ್ನು ಕೀಲಿನ ಬಳಿ ತಳ್ಳುವುದಕ್ಕಿಂತ ಅಂಚಿನಲ್ಲಿ ತಳ್ಳುವುದು ಸುಲಭವಾಗಿರುವಂತೆ, ಅದೇ ಬಲದಿಂದ ಹೆಚ್ಚಿನ ತಡೆ ಉಂಟಾಗುತ್ತದೆ. ಆದರೆ ಡ್ರಮ್ಮಿನಿಂದ ಡಿಸ್ಕಿಗೆ ಬದಲಾಯಿಸುವಾಗ ಹಬ್, ಫೋರ್ಕಿನ ಕೆಳಭಾಗ, ಕ್ಯಾಲಿಪರ್, ಕೊಳವೆ, ಮಾಸ್ಟರ್ ಸಿಲಿಂಡರ್ ಮತ್ತು ಲಿವರ್ ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಬದಲಾಯಿಸಬೇಕಾಗುತ್ತದೆ. ಬ್ರೇಕು ಹಿಡಿದಾಗ ಗಾಲಿಯ ತಿರುಗುವ ಬಲವೆಲ್ಲ ಕ್ಯಾಲಿಪರಿನ ಮೂಲಕ ಫೋರ್ಕಿಗೆ ತಾಗುತ್ತದೆ. ಹಳೆಯ ಫೋರ್ಕಿಗೆ ಕಬ್ಬಿಣದ ಪಟ್ಟಿಯೊಂದನ್ನು ಬೆಸುಗೆ ಹಾಕಿ ಕ್ಯಾಲಿಪರನ್ನು ತಗುಲಿಸುವುದು ಸಾವನ್ನು ಆಹ್ವಾನಿಸಿದಂತೆಯೇ ಸರಿ. ಬೆಸುಗೆ ಬಿಡುವುದು ಮನೆಯಂಗಳದಲ್ಲಿ ಅಲ್ಲ. ಅತಿ ಹೆಚ್ಚಿನ ಬಲ ಬೀಳುವ ಅಪಾಯದ ಗಳಿಗೆಯಲ್ಲಿ. ಅದೇ ವಂಶದ ಡಿಸ್ಕ್ ವಾಹನಕ್ಕಾಗಿ ತಯಾರಕರೇ ರೂಪಿಸಿದ ಭಾಗಗಳನ್ನು ಪೂರ್ಣವಾಗಿ ಅಳವಡಿಸುವುದೇ ಕ್ಷೇಮ.

ಭಾಗಗಳು ಒಂದಕ್ಕೊಂದು ಹೊಂದದಿದ್ದರೆ ಏನಾಗುತ್ತದೆಂಬುದನ್ನು ಪಾಸ್ಕಲನ ಲೆಕ್ಕವೇ ತಿಳಿಸುತ್ತದೆ. ದೊಡ್ಡ ಕ್ಯಾಲಿಪರನ್ನು ತಂದು ಹಳೆಯ ಚಿಕ್ಕ ಮಾಸ್ಟರ್ ಸಿಲಿಂಡರಿಗೆ ಸೇರಿಸಿದರೆ, ದೊಡ್ಡ ಪಿಸ್ಟನ್ನುಗಳನ್ನು ತಳ್ಳುವಷ್ಟು ಆಯಿಲ್ ಹೊರಡುವ ಮುನ್ನವೇ ಲಿವರ್ ಹ್ಯಾಂಡಲಿಗೆ ತಾಗಬಹುದು. ಇದಕ್ಕೆ ವಿರುದ್ಧವಾಗಿ, ಹಿಂದಿನ ಉದಾಹರಣೆಯಲ್ಲಿ ಮಾಸ್ಟರ್ ಪಿಸ್ಟನ್ನಿನ ವ್ಯಾಸವನ್ನು 14ರಿಂದ 16 ಮಿಲಿಮೀಟರಿಗೆ ಏರಿಸಿದರೆ ಲಿವರಿನ ಚಲನೆ ಕಡಿಮೆಯಾಗುತ್ತದೆ. ಆದರೆ ಬಲ ಎಂಟು ಮಡಿಯಿಂದ ಸುಮಾರು ಆರು ಮಡಿಗೆ ಇಳಿಯುತ್ತದೆ. ಲಿವರ್ ಮರದ ತುಂಡಿನಂತೆ ಗಡುಸಾಗಿ, ಹೊಸ ಬ್ರೇಕಿಗಿಂತ ಹಳೆಯದೇ ಮೇಲೆಂದು ಸವಾರನಿಗೆ ಅನ್ನಿಸುತ್ತದೆ. ಎರಡು ಮಿಲಿಮೀಟರಿನ ವ್ಯತ್ಯಾಸ ಇಷ್ಟನ್ನು ಮಾಡಬಲ್ಲದು.

ಇಷ್ಟೆಲ್ಲ ಮಾಡಿದರೂ ಸರಪಳಿಯ ಕೊನೆಯ ಕೊಂಡಿ ಉಳಿಯುತ್ತದೆ. ಅದು ಟೈರು. ವಾಹನವನ್ನು ನಿಜವಾಗಿ ನಿಲ್ಲಿಸುವುದು ಡಿಸ್ಕ್ ಅಲ್ಲ, ಅಂಗೈಯಗಲದಷ್ಟು ಜಾಗದಲ್ಲಿ ರಸ್ತೆಯನ್ನು ಹಿಡಿಯುವ ರಬ್ಬರು. ಆ ಹಿಡಿತವನ್ನು ಮೀರಿದ ಬ್ರೇಕು ಗಾಲಿಯನ್ನು ಜಾರಿಸುತ್ತದೆಯೇ ಹೊರತು ವಾಹನವನ್ನು ಬೇಗ ನಿಲ್ಲಿಸುವುದಿಲ್ಲ. ಸವೆದ ಟೈರಿನ ವಾಹನಕ್ಕೆ ಬಲವಾದ ಡಿಸ್ಕನ್ನು ಹಾಕುವುದು ಬಡವಾದ ಎತ್ತಿಗೆ ಬೆಳ್ಳಿಯ ಕೊಂಬೆಣಸು ತೊಡಿಸಿದಂತೆ. ಗಾಲಿ ಜಾರುವುದನ್ನು ತಡೆಯಲೆಂದೇ ಎ.ಬಿ.ಎಸ್. ಎಂಬ ವ್ಯವಸ್ಥೆ ಬಂದಿತು. ಗಾಲಿಯ ವೇಗವನ್ನು ಅಳೆಯುತ್ತ, ಅದು ಸ್ತಬ್ಧವಾಗುವ ಸೂಚನೆ ಕಂಡೊಡನೆ ಒತ್ತಡವನ್ನು ಕ್ಷಣಕಾಲ ಸಡಿಲಿಸಿ ಮತ್ತೆ ಹಿಡಿಯುವ ವ್ಯವಸ್ಥೆಯಿದು. 1988ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ಇದನ್ನು ಮೋಟಾರು ಸೈಕಲ್ಲಿಗೆ ಅಳವಡಿಸಿತು. ಭಾರತದಲ್ಲಿ 2019ರ ಏಪ್ರಿಲ್ 1ರಿಂದ 125 ಸಿ.ಸಿ.ಗಿಂತ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಿಗೆ ಇದು ಕಡ್ಡಾಯವಾಯಿತು. ಇಂತಹ ವಾಹನದಲ್ಲಿ ಡಿಸ್ಕನ್ನೋ ಗಾಲಿಯನ್ನೋ ಮನಸ್ಸಿಗೆ ಬಂದಂತೆ ಬದಲಾಯಿಸಿದರೆ ಆ ವ್ಯವಸ್ಥೆಯ ಲೆಕ್ಕ ತಪ್ಪುತ್ತದೆ. ವಾಹನದ ಮೂಲ ರಚನೆಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಮಿತಿಗಳನ್ನು ವಿಧಿಸಿದೆ. ಆದ್ದರಿಂದ ದೊಡ್ಡ ಬದಲಾವಣೆಗೆ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ವಿವೇಕ.

ಕೆಲಸ ಮುಗಿಯಿತೆಂದು ಆ ದಿನವೇ ವೇಗವಾಗಿ ಓಡಿಸತಕ್ಕದ್ದಲ್ಲ. ಹೊಸ ಪ್ಯಾಡು ಮತ್ತು ಡಿಸ್ಕಿನ ಮೇಲ್ಮೈಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಬಯಲಾದ ರಸ್ತೆಯಲ್ಲಿ ಸಾಧಾರಣ ವೇಗದಿಂದ ಹಲವು ಸಲ ಹದವಾಗಿ ಬ್ರೇಕು ಹಿಡಿದು, ನಡುನಡುವೆ ತಣ್ಣಗಾಗಲು ಬಿಟ್ಟು, ಅವುಗಳನ್ನು ಪಳಗಿಸಬೇಕು. ಪಳಗಬೇಕಾದುದು ಯಂತ್ರ ಮಾತ್ರವಲ್ಲ, ಸವಾರನ ಬೆರಳು ಕೂಡ. ಡ್ರಮ್ಮಿಗೆ ಬೇಕಾಗಿದ್ದ ಬಲವನ್ನೇ ಡಿಸ್ಕಿಗೂ ಪ್ರಯೋಗಿಸಿದರೆ ಗಾಲಿ ಜಾರೀತು. ಮೊದಲು ಮೆಲ್ಲನೆ ಹಿಡಿದು, ಭಾರ ಮುಂದಿನ ಗಾಲಿಗೆ ಬರುತ್ತಿದ್ದಂತೆ ಹಿಡಿತವನ್ನು ಬಿಗಿಗೊಳಿಸುತ್ತ ಹೋಗಬೇಕು. ಹಿಂದಿನ ಬ್ರೇಕನ್ನೂ ಜೊತೆಗೂಡಿಸಬೇಕು. ತಿರುವಿಗೆ ಮುನ್ನವೇ ವೇಗವನ್ನು ಇಳಿಸಬೇಕು. ಮರಳು, ಸಗಣಿ, ಮೊದಲ ಮಳೆಗೆ ನೆನೆದ ರಸ್ತೆ, ಇವುಗಳ ಮೇಲೆ ಬೆರಳು ಹಗುರವಾಗಿರಬೇಕು.

ಉತ್ತಮ ಬ್ರೇಕಿನಲ್ಲಿ ಒಂದು ಪ್ರಲೋಭನೆಯೂ ಅಡಗಿದೆ. ಬೇಗ ನಿಲ್ಲಿಸಬಲ್ಲೆನೆಂಬ ಧೈರ್ಯದಿಂದ ಸವಾರನು ಇನ್ನಷ್ಟು ವೇಗವಾಗಿ ಹೋದರೆ, ಇನ್ನಷ್ಟು ಹತ್ತಿರದಲ್ಲಿ ಮುಂದಿನ ವಾಹನವನ್ನು ಹಿಂಬಾಲಿಸಿದರೆ, ಗಳಿಸಿದ ಲಾಭವೆಲ್ಲ ಕರಗಿಹೋಗುತ್ತದೆ. 54,000 ಜೂಲ್ ಶಕ್ತಿಗೆ ಸವಾರನ ಧೈರ್ಯ ತಿಳಿಯದು. ರಸ್ತೆಗೆ ಅಡ್ಡಬಂದ ಬಾಲಕನಿಗೆ ಡಿಸ್ಕಿನ ವ್ಯಾಸ ತಿಳಿಯದು. ಇವೆರಡರ ನಡುವೆ ನಿಂತಿರುವುದು ಸವಾರನ ವಿವೇಕ. ಇಂದು ಬೈಸಿಕಲ್ಲನ್ನು ತುಳಿಯುವ ವಿದ್ಯಾರ್ಥಿಗಳು ನಾಳೆ ಇಂತಹ ವಾಹನಗಳ ಒಡೆಯರಾಗುವರು. ಮನೆಯಿಂದ ಹೊರಡುವ ಮುನ್ನ ಬೈಸಿಕಲ್ಲಿನ ಬ್ರೇಕಿನ ಸವೆದ ರಬ್ಬರನ್ನು ಗಮನಿಸಿ ಬದಲಾಯಿಸುವ ಹುಡುಗ ಅಥವಾ ಹುಡುಗಿ ಆ ಒಡೆತನದ ಮೊದಲ ಪಾಠವನ್ನು ಆಗಲೇ ಕಲಿತಂತೆ. ಕುದುರೆ ಎಷ್ಟೇ ಬಲಿಷ್ಠವಾಗಿರಲಿ, ಕಡಿವಾಣವನ್ನು ಹಿಡಿದ ಕೈ ಎಚ್ಚರವಾಗಿದ್ದರೆ ಮಾತ್ರ ಸವಾರನೂ ಕ್ಷೇಮ, ದಾರಿಹೋಕನೂ ಕ್ಷೇಮ.